ಕಿಟಕಿ ಪಕ್ಕದ ಎರಡು ಬ್ಯಾಗು

“ಅವ್ರು ಬಸ್ ಹತ್ತಿದ್ದು ನೀನೇ ನೋಡಿದ್ಯಾ?” ಟೈಲರ್ ಮೂರನೆಯ ಸಲ ಕೇಳಿದರು.

ಲೀಡರ್ ಹೌದೆಂದು ತಲೆಯಾಡಿಸಿದಳು.

ಲೀಡರ್ ಅಂದರೆ ಅವಳ ಹೆಸರಲ್ಲ. ಐದನೇ ಕ್ಲಾಸಿಗೆ ಬಂದ ಮೇಲೆ ಸ್ಕೂಲ್ ಬಸ್ಸಿನ ಹಾಜರಿ ಪುಸ್ತಕ ಅವಳ ಕೈಗೆ ಬಂತು. ಅಂದಿನಿಂದ ಅಮ್ಮ ಕೂಡ ಹಾಗೆಯೇ ಕರೆಯುತ್ತಾಳೆ. ಬಸ್ಸು ಹೊರಡುವ ಮುಂಚೆ ಯಾರು ಯಾರು ಹತ್ತಿದ್ದಾರೆಂದು ನೋಡಿ ಟಿಕ್ ಹಾಕುವುದು ಅವಳ ಕೆಲಸ.

ಇವತ್ತು ಟೈಲರ್ ಅವರ ಅವಳಿ ಮಕ್ಕಳು, ಒಂದನೇ ಕ್ಲಾಸಿನ ಗುಂಡ ಮತ್ತು ಚಿಟ್ಟಿ, ಅಂಗಡಿ ಮುಂದಿನ ಕೊನೆಯ ಸ್ಟಾಪಿನಲ್ಲಿ ಇಳಿಯಲೇ ಇಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಅವರ ಎರಡು ಬ್ಯಾಗು ಮಾತ್ರ ಇದ್ದವು. ಸ್ಕೂಲಿಗೆ ಫೋನ್ ಮಾಡಿದರೆ, ಮಕ್ಕಳೆಲ್ಲ ಬಸ್ಸಿನಲ್ಲೇ ಹೋದರಲ್ಲ, ಪುಸ್ತಕ ನೋಡಿ ಎಂದರು. ಪುಸ್ತಕದಲ್ಲಿ ಎರಡು ಟಿಕ್ ಇದ್ದವು. ಹಾಗಾದರೆ ನಡುವೆ ಎಲ್ಲೋ ಇಳಿದಿರಬೇಕು ಎಂದುಕೊಂಡು ಅಕ್ಕಪಕ್ಕದ ಅಂಗಡಿಯವರು ಸ್ಕೂಟರ್ ಹತ್ತಿ ದಾರಿಯ ನಾಲ್ಕೂ ಸ್ಟಾಪುಗಳಿಗೆ ಓಡಿದ್ದರು.

ಲೀಡರ್ ನಿಜವಾಗಿ ನೋಡಿದ್ದು ಬ್ಯಾಗುಗಳನ್ನು ಮಾತ್ರ.

ಆ ಬಸ್ಸಿನಲ್ಲಿ ಬ್ಯಾಗ್ ಇಟ್ಟವರದೇ ಸೀಟು. ಮಕ್ಕಳು ಮೊದಲು ಬ್ಯಾಗ್ ಎಸೆದು ಸೀಟು ಹಿಡಿಯುತ್ತಾರೆ, ಆಮೇಲೆ ನೀರು ಕುಡಿಯಲೋ ಜಗಳ ಮುಗಿಸಲೋ ಓಡುತ್ತಾರೆ. ಒಬ್ಬೊಬ್ಬರ ಮುಖ ನೋಡುತ್ತ ಕೂತರೆ ಬಸ್ಸು ಹೊರಟ ಹಾಗೆಯೇ! ಅದಕ್ಕೇ ಅವಳು ಬ್ಯಾಗ್ ನೋಡಿ ಟಿಕ್ ಹಾಕುವುದನ್ನು ರೂಢಿ ಮಾಡಿಕೊಂಡಿದ್ದಳು. ಟೈಲರ್ ಮೊದಲ ಸಲ ಕೇಳಿದಾಗ ಹೆದರಿಕೆಯಲ್ಲಿ ‘ಹ್ಞೂಂ’ ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳ ಅಮ್ಮ ಇದೇ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಾಳೆ. ಅಮ್ಮನ ಮುಖ ನೋಡಿದರೆ ನಿಜ ಹೇಳುವ ಧೈರ್ಯ ಇನ್ನಷ್ಟು ಕುಗ್ಗುತ್ತಿತ್ತು.

ಬಾಗಿಲ ಹತ್ತಿರ ಡ್ರೈವರ್ ಮಾಮನನ್ನು ನಾಲ್ಕು ಜನ ಸುತ್ತುವರಿದಿದ್ದರು. ಮಕ್ಕಳನ್ನು ಎಲ್ಲಿ ಇಳಿಸಿದೆ, ಯಾರ ಕೈಗೆ ಕೊಟ್ಟೆ ಎಂದು ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು.

“ಎಲ್ಲೂ ಇಳಿಸಿಲ್ಲ ಸಾರ್. ಕನ್ನಡೀಲಿ ನೋಡ್ದೆ, ಇಬ್ರೂ ಕೂತಿದ್ರು,” ಎಂದರು ಮಾಮ.

ಲೀಡರ್‌ಗೆ ಹೋದ ಜೀವ ಬಂದಂತಾಯಿತು. ಮಾಮ ನೋಡಿದ್ದರೆ ಸರಿ, ಟಿಕ್ ಸುಳ್ಳಲ್ಲ. ಆದರೂ ಅವಳು ನಿಂತಲ್ಲಿ ನಿಲ್ಲಲಾರದೆ, ಕಾಲು ಸುಟ್ಟ ಬೆಕ್ಕಿನ ಹಾಗೆ ಬಟ್ಟೆ ಕತ್ತರಿಸುವ ಮೇಜಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಮೇಜಿಗೆ ಓಡಾಡಿದಳು.

ಸ್ಕೂಟರಿನವರು ಒಬ್ಬೊಬ್ಬರಾಗಿ ಬರಿಗೈಯಲ್ಲಿ ಬಂದರು. ಮೂರನೇ ಸ್ಟಾಪಿನ ಹಿಂದೆ ಕಾಲುವೆ ಇದೆಯಲ್ಲ ಎಂದು ಯಾರೋ ಮೆಲ್ಲಗೆ ಹೇಳಿದರು. ಇನ್ನೊಬ್ಬರು ಹಗ್ಗ ಕೇಳಿದರು. ಟೈಲರ್ ಕೊರಳಿನ ಅಳತೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅರ್ಧ ಹೊಲಿದ ಬಟ್ಟೆಗಳ ಮೇಲೆಯೇ ಕುಸಿದು ಕೂತರು.

ಕಾಲುವೆ ಎಂಬ ಮಾತಿಗೆ ಲೀಡರ್ ಹೊಸ್ತಿಲಲ್ಲೇ ನಿಂತಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಗುಂಡ, ಚಿಟ್ಟಿ ಕಿಟಕಿ ಸೀಟಿಗೆ ದಿನವೂ ಕಿತ್ತಾಡುತ್ತಾರೆ. ಸ್ಕೂಲ್ ಗೇಟಿನಿಂದ ಈ ಸ್ಟಾಪಿನವರೆಗೂ ‘ನಂದು, ನಂದು’ ಎಂದು ಒಂದೇ ಗಲಾಟೆ. ಇವತ್ತು ಬಸ್ಸು ತಣ್ಣಗಿತ್ತು. ಸದ್ಯ, ಕಿವಿಗೆ ನೆಮ್ಮದಿ ಎಂದು ಅವಳು ಖುಷಿಯನ್ನೂ ಪಟ್ಟಿದ್ದಳು.

“ಅಂಕಲ್, ನಾನು ಅವ್ರನ್ನ ನೋಡ್ಲಿಲ್ಲ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಅವಳು ಟೈಲರ್ ತೋಳು ಹಿಡಿದು ಅಲ್ಲಾಡಿಸಿದಳು. “ಬ್ಯಾಗ್ ನೋಡಿ ಟಿಕ್ ಹಾಕ್ಬಿಟ್ಟೆ. ಅವ್ರು ಬಸ್ ಹತ್ತೇ ಇಲ್ಲ. ಸ್ಕೂಲಲ್ಲೇ ಇರ್ಬೇಕು.”

ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಟೈಲರ್ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಸ್ಸಿನತ್ತ ಓಡಿದರು, ಉಳಿದವರು ಹಿಂದೆ.

ದಾರಿಯುದ್ದಕ್ಕೂ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಎಲ್ಲ ಸಿಗ್ನಲ್ಲೂ ಬೇಕೆಂದೇ ಕೆಂಪಾಗುತ್ತಿದ್ದವು.

ಸ್ಕೂಲಿನ ವಾಚ್‌ಮನ್ ಗೇಟು ತೆಗೆದು, ಒಳಗೆ ಒಂದು ನರಪಿಳ್ಳೆಯೂ ಇಲ್ಲ ಎಂದರು. ಆದರೂ ಹುಡುಕಿದರು. ಕ್ಲಾಸುಗಳು, ಟಾಯ್ಲೆಟ್, ನೀರಿನ ಟ್ಯಾಂಕಿನ ಹಿಂದೆ, ಎಲ್ಲೂ ಇಲ್ಲ. ಬೆಳಕು ಕಡಿಮೆಯಾಗುತ್ತಿತ್ತು. ಒಂದನೇ ಕ್ಲಾಸಿಗೆ ಕೊನೆಯ ಪೀರಿಯಡ್ ಪಿ.ಟಿ. ಎಂದು ಲೀಡರ್‌ಗೆ ನೆನಪಾಯಿತು. ಆಟದ ಸಾಮಾನಿನ ಕೋಣೆಗೆ ಓಡಿದಳು. ಬಾಗಿಲಿಗೆ ಬೀಗ ಬಿದ್ದಿತ್ತು. ಪಿ.ಟಿ. ಸರ್ ಬೀಗ ಹಾಕಿ ಹೋದ ಮೇಲೆ ಒಳಗೆ ಯಾರಿರುತ್ತಾರೆ ಎಂದು ವಾಚ್‌ಮನ್ ಗೊಣಗಿದರು.

ಅವಳು ಮೊಣಕಾಲೂರಿ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು. ಇಲ್ಲ.

“ಕಿಟಕಿ ಪಕ್ಕ ಇವತ್ತು ಯಾರು ಕೂರೋದು?” ಎಂದು ಕೇಳಿದಳು.

“ನಾನು!”

“ಇಲ್ಲ, ನಾನು!”

ವಾಚ್‌ಮನ್ ಕೈಯಲ್ಲಿ ಬೀಗದ ಕೈ ಗೊಂಚಲು ಗಲಗಲ ಅಂದಿತು. ಲಾಗ ಹಾಕುವಾಗ ಬಿದ್ದುಹೋದ ಗುಂಡನ ಹಲ್ಲು ಹುಡುಕಲು ಇಬ್ಬರೂ ಬಸ್ಸಿನಲ್ಲಿ ಬ್ಯಾಗ್ ಇಟ್ಟು ಓಡಿಬಂದು ಚಾಪೆಗಳ ಹಿಂದೆ ನುಗ್ಗಿದ್ದರಂತೆ. ಸರ್ ಒಳಗೆ ಇಣುಕದೆ ಬೀಗ ಹಾಕಿಬಿಟ್ಟಿದ್ದರು. ಕೂಗಿ ಕೂಗಿ ಸಾಕಾಗಿ, ಈಗ ಬೈಯುತ್ತಾರೆಂದು ಉಸಿರು ಬಿಗಿಹಿಡಿದು ಕೂತಿದ್ದರು. ಟೈಲರ್ ಇಬ್ಬರನ್ನೂ ಒಟ್ಟಿಗೇ ಎತ್ತಿಕೊಂಡು ಅತ್ತರು. ಹಲ್ಲು ಸಿಗಲೇ ಇಲ್ಲ ಅಂತ ಗುಂಡನೂ ಅತ್ತ.

ಎಲ್ಲರೂ ಬಸ್ಸು ಹತ್ತಿ ಹಿಂದೆ ಕೂತರು. ಲೀಡರ್ ಮುಂದೆ ಬಂದಳು. ಡ್ರೈವರ್ ಮಾಮ ಇನ್ನೂ ಬಸ್ಸು ಸ್ಟಾರ್ಟ್ ಮಾಡಿರಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

“ನನ್ನಿಂದ ನಿಮ್ಗೆ ಬೈಗುಳ ಬಿತ್ತು. ತಪ್ಪಾಯ್ತು ಮಾಮ,” ಎಂದಳು.

ಮಾಮ ಅವಳತ್ತ ತಿರುಗಿದರು.

“ಕನ್ನಡೀಲಿ ನಾನು ನೋಡಿದ್ದೂ ಬ್ಯಾಗೇ ಪುಟ್ಟಿ,” ಎಂದರು. “ನೀನು ಹೇಳ್ದೆ. ನಾನು ಹೇಳ್ಲಿಲ್ಲ.”

ನಿಜ ಹೇಳಲು ದೊಡ್ಡವರಿಗೂ ಹೀಗೇ ಹೆದರಿಕೆಯಾಗುತ್ತದೆ ಎಂದು ಲೀಡರ್‌ಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಮಾಮ ಎದ್ದು ನಿಂತು ಹಿಂದೆ ಟೈಲರ್ ಕೂತಿದ್ದ ಕಡೆ ನೋಡಿದರು, ಆದರೆ ಹೆಜ್ಜೆ ಇಡಲಿಲ್ಲ.

“ನಾನೂ ಜೊತೆಗೆ ಬರ್ಲಾ, ಮಾಮ?” ಎಂದು ಕೇಳಿ, ಅವಳು ಅವರ ಬೆರಳು ಹಿಡಿದುಕೊಂಡಳು.