ಗೊನೆಯ ಮೇಲೆ ಇನ್ನೂರ ಹದಿನೆಂಟು

ಸಲಾಕೆ ನನ್ನ ಕಿವಿಯ ಪಕ್ಕದಲ್ಲೇ ಇಳಿಯಿತು.

ಖಚ್!

ಗೊನೆಯೊಂದನ್ನು ಚುಚ್ಚಿ ಮೇಲಕ್ಕೆದ್ದಿತು. ನಾನು ಉಸಿರು ಬಿಡಲಿಲ್ಲ. ಲಾರಿಯ ಹಿಂಭಾಗದಲ್ಲಿ, ಎಣ್ಣೆತಾಳೆ ಗೊನೆಗಳ ರಾಶಿಯೊಳಗೆ, ಬೆನ್ನಿಗೆ ಮುಳ್ಳು ನಾಟುತ್ತಿದ್ದರೂ ಅಲುಗಾಡದೆ ಬಿದ್ದಿದ್ದೆ.

"ಇಲ್ಲೇ ಎಲ್ಲೋ ಇದಾಳೆ ಕಣೋ!" ಕೆಳಗಿನಿಂದ ಒಬ್ಬ ಕೂಗಿದ. "ಅವಳ ಬೈಕು ಸಿಕ್ತು. ಎಂಜಿನ್ ಇನ್ನೂ ಬಿಸಿ ಇದೆ!"

"ಈ ಹೊಗೇಲಿ ನನ್ನ ಕಾಲೇ ನನಗೆ ಕಾಣ್ತಿಲ್ಲ. ಎಲ್ಲಿ ಅಂತ ಹುಡುಕ್ಲಿ?"

"ಚುಚ್ತಾ ಹೋಗು. ಕಿರುಚಿದ್ರೆ ಹೆಂಗಸು. ಕಿರುಚ್ಲಿಲ್ಲ ಅಂದ್ರೆ ಹಣ್ಣು."

ಬುದ್ಧಿವಂತ!

ಬೆಳಿಗ್ಗೆ ಹತ್ತು ಗಂಟೆ. ಲಾರಿಯ ದೀಪ ಉರಿಯುತ್ತಲೇ ಇತ್ತು. ರಿಯಾವ್‌ ಸೀಮೆಯಲ್ಲಿ ಆಗಸ್ಟ್ ಅಂದರೆ ಹಾಗೇ... ಕಾಡು ಉರಿಯುತ್ತದೆ, ಸೂರ್ಯ ಕಾಣುವುದಿಲ್ಲ, ಶಾಲೆಗಳಿಗೆ ರಜೆ ಕೊಡುತ್ತಾರೆ. ನಮಗೆ ಅಭ್ಯಾಸವಾಗಿದೆ.

ನನ್ನ ಹೆಸರು ಸುರತ್ಮಿ. ಹನ್ನೊಂದು ವರ್ಷ ಎಸ್ಟೇಟಿನಲ್ಲಿ ಗೊನೆ ತಪಾಸಣೆ ಮಾಡಿದವಳು. ಈಗ ಹುಡುಕಿಕೊಡುವ ಕೆಲಸ. ಯಾರಿಗೆ ಏನು ಬೇಕೋ ಅದು. ಈ ಸಲ ಬೇಕಾಗಿದ್ದದ್ದು ಒಂದು ಬಿಸ್ಕತ್ತು ಕಂಪನಿಗೆ. ಹಸ್ನುಲ್ ಎಂಬ ಧಣಿ ಮಿಲ್ಲಿಗೆ ಕಳಿಸುವ ಹಣ್ಣು ಕಾಗದದ ಮೇಲೆ ಸಹಕಾರ ಸಂಘದ್ದು. ನಿಜಕ್ಕೂ ಅದು ರಕ್ಷಿತಾರಣ್ಯ ಸುಟ್ಟು ಎಬ್ಬಿಸಿದ ತೋಟದ್ದು ಅನ್ನುವ ಗುಮಾನಿ.

ಸಾಕ್ಷಿ ಬೇಕು ಅಂದರು.

ಅದು ಸುಲಭವಲ್ಲ, ಕೇಳಿ. ಮಿಲ್ಲಿಗೆ ಬಿದ್ದ ಮೇಲೆ ಎಲ್ಲ ಹಣ್ಣೂ ಒಂದೇ. ಯಾವ ತೋಟದ್ದಾದರೂ ಸರಿ, ಬೆರೆತು ಒಂದೇ ಕೆಂಪು ಎಣ್ಣೆ. ಆಮೇಲೆ ಅದು ನೂಡಲ್ಸಿಗೆ ಹೋಗುತ್ತದೆ, ಸೋಪಿಗೆ ಹೋಗುತ್ತದೆ, ನಿಮ್ಮ ಮಗು ಚಹಾದಲ್ಲಿ ಅದ್ದಿಕೊಂಡು ತಿನ್ನುವ ಬಿಸ್ಕತ್ತಿಗೆ ಹೋಗುತ್ತದೆ. ಎಲ್ಲಿಂದ ಬಂತೆಂದು ನಾಲಿಗೆಗೆ ತಿಳಿಯುವುದಿಲ್ಲ. ಅದಕ್ಕೇ ಆ ಕಳ್ಳತೋಟದೊಳಗೇ ನುಗ್ಗಿ ಲಾರಿ ಹತ್ತಿದ್ದೆ.

ಮೂಗಿನ ಮುಂದೆಯೇ ಒಂದು ಗೊನೆ ಇತ್ತು. ತೊಟ್ಟು ನೋಡಿದೆ.

ಕದ್ದು ಕೊಯ್ಯುವವರು ತೊಟ್ಟು ಉದ್ದ ಬಿಡುತ್ತಾರೆ, ತೂಕ ಬರಲಿ ಅಂತ. ಇದು ಗಿಡ್ಡ. ಮಧ್ಯಕ್ಕೆ ಸೀಳಿ, ಕಪ್ಪೆ ಬಾಯಿ ತೆರೆದ ಹಾಗೆ ಕತ್ತರಿಸಿತ್ತು. ಎಸ್ಟೇಟಿನಲ್ಲಿ ಪಳಗಿದ ಕೈ! ಅಷ್ಟೇ ಅಲ್ಲ... ಕತ್ತರಿಸಿದ ಜಾಗದಲ್ಲಿ ಪೆನ್ಸಿಲ್ಲಿನಿಂದ ನಂಬರು ಬರೆದಿತ್ತು. ಎಸ್ಟೇಟಿನಲ್ಲಿ ಕೊಯ್ಲಿನವನು ಪ್ರತಿ ಗೊನೆಗೂ ತನ್ನ ನಂಬರು ಬರೆಯಬೇಕು. ಕಳ್ಳತೋಟದಲ್ಲಿ ಯಾವ ಹುಚ್ಚನೂ ಬರೆಯುವುದಿಲ್ಲ. ಆದರೆ ಪಳಗಿದ ಕೈಗೆ ಅದು ತಿಳಿಯಬೇಕಲ್ಲ!

218.

ಪಕ್ಕದ ಗೊನೆ ನೋಡಿದೆ. 218. ಅದರ ಆಚೆಯದೂ ಅದೇ.

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಜಾಗ, ದಿನಾಂಕ ಎಲ್ಲ ಬೀಳುವ ಹಾಗೆ ಮೂರು ಫೋಟೊ ತೆಗೆದೆ.

ಎಸ್ಟೇಟಿನ ಪುಸ್ತಕದಲ್ಲಿ 218 ಅಂದರೆ ಪೊನಿದಿ. ನನ್ನ ತಮ್ಮ. ಐದು ವರ್ಷದ ಹಿಂದೆ ಎಸ್ಟೇಟು ಬಿಟ್ಟವನು. ಮಲೇಷ್ಯಾದಲ್ಲಿ ಕೈಗವಸಿನ ಫ್ಯಾಕ್ಟರಿಯಲ್ಲಿದ್ದೇನೆ ಅಂತ ಪ್ರತಿ ರಂಜಾನಿಗೂ ಫೋನ್ ಮಾಡುತ್ತಿದ್ದವನು.

ಖಚ್!

ಈ ಸಲ ಸಲಾಕೆ ನನ್ನ ತೋಳನ್ನು ಸೀಳಿತು. ಕಿರುಚಲಿಲ್ಲ. ಆದರೆ ಹಣ್ಣಿಗೆ ರಕ್ತ ಬರುವುದಿಲ್ಲವಲ್ಲ.

"ಸಿಕ್ಳು! ಸಿಕ್ಳು!"

ಎದ್ದವಳೇ ಒಂದು ಗೊನೆಯನ್ನು ಅವನ ಎದೆಗೆ ಒದ್ದೆ. ಹಿಂದಕ್ಕೆ ಉರುಳಿದ. ನಾನು ಇನ್ನೊಂದು ಪಕ್ಕಕ್ಕೆ ಹಾರಿ ಓಡಿದೆ.

ಕಾಲುವೆಯ ಮೇಲೆ ಒಂಟಿ ಹಲಗೆ. ದಾಟಿದೆ. ಹಿಂದೆ ಇಬ್ಬರು. ನೆಲ ಚಪ್ಪಲಿಯ ಮೂಲಕವೂ ಸುಡುತ್ತಿತ್ತು. ಇಲ್ಲಿನ ಕಪ್ಪು ಜೌಗುನೆಲ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಉರಿಯುತ್ತಿರುತ್ತದೆ. ಎಲ್ಲಿ ಬೂದಿ ಬೆಳ್ಳಗಿದೆಯೋ ಅಲ್ಲಿ ಕಾಲಿಡಬಾರದು. ನನಗೆ ಗೊತ್ತಿತ್ತು. ಹಿಂದೆ ಬರುತ್ತಿದ್ದವನಿಗೆ ಮರೆತುಹೋಯಿತು.

ಮೊಣಕಾಲವರೆಗೂ ಕೆಂಡದೊಳಕ್ಕೆ ಹೋದ. ಆ ಕೂಗು!

ಇನ್ನೊಬ್ಬ ಅವನನ್ನು ಎಳೆಯಲು ನಿಂತ. ನಾನು ತಿರುಗಿ ನೋಡಲಿಲ್ಲ.

ಹೊಗೆಯಲ್ಲಿ ಗುಡಿಸಲೊಂದು ಎದುರಾಯಿತು. ಒಂದು ಕೈ ನನ್ನ ಕುತ್ತಿಗೆಪಟ್ಟಿ ಹಿಡಿದು ಒಳಕ್ಕೆಳೆದುಕೊಂಡಿತು.

"ಸದ್ದು ಮಾಡ್ಬೇಡ, ಅಕ್ಕಾ."

ಪೊನಿದಿ. ಅರ್ಧಕ್ಕರ್ಧ ಇಳಿದುಹೋಗಿದ್ದ.

"ಮಲೇಷ್ಯಾ ಇಷ್ಟು ಹತ್ರ ಅಂತ ಗೊತ್ತಿರ್ಲಿಲ್ಲ," ಅಂದೆ.

"ನಿನ್ನ ಬಾಯಿ ಇನ್ನೂ ಹಾಗೇ ಇದೆ." ನಗಲು ಹೋಗಿ ಕೆಮ್ಮಿದ. ಕೆಮ್ಮುತ್ತಲೇ ಇದ್ದ... ನನ್ನ ತೋಳಿಗೆ ಬಟ್ಟೆ ಸುತ್ತಿ ಮುಗಿಸುವವರೆಗೂ ಕೆಮ್ಮಿದ.

ಒಲೆಯ ಮೇಲೆ ಸೋಯಾ ತುಂಡುಗಳು ಬೇಯುತ್ತಿದ್ದವು. ಬಾಣಲೆಯ ಎಣ್ಣೆ ಡಾಂಬರಿನಷ್ಟು ಕಪ್ಪು.

"ಇದನ್ನ ಯಾವಾಗಿಂದ ಕಾಯಿಸ್ತಿದ್ದೀಯ?"

"ಹಬ್ಬದಿಂದ."

"ಯಾವ ಹಬ್ಬದಿಂದ?"

"ಕೇಳ್ಬೇಡ. ತಿನ್ನು."

"ಎಣ್ಣೆ ಹಣ್ಣಿನ ರಾಶಿ ಮಧ್ಯೆ ಕೂತು ಇಂಥ ವಿಷ ತಿಂತೀಯಲ್ಲೋ, ಕತ್ತೆ!"

"ಹಣ್ಣು ಲಾರೀಲಿ ಹೋಗುತ್ತೆ, ಅಕ್ಕಾ. ಎಣ್ಣೆ ವಾಪಸ್ ಬರಲ್ಲ."

"ಗೊನೆ ಮೇಲೆ ನಂಬರ್ ಯಾಕೋ ಬರೆದೆ?"

"ಯಾವ ನಂಬರ್?" ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ಮುಟ್ಟಿ ನೋಡಿಕೊಂಡ. ಮುಖ ಬಿಳಿಚಿತು. "ಅಯ್ಯೋ... ಬರೆದಿದ್ದೀನಾ?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ನಡಿ. ಈಗ್ಲೇ ಹೋಗೋಣ."

"ಎಲ್ಲಿಗೆ? ಗುರುತಿನ ಚೀಟಿ ಧಣಿ ಹತ್ರ ಇದೆ. ಹೋದ ವರ್ಷ ಓಡಿಹೋದವನ ಕಾಲು ಮುರಿದ್ರು." ಮತ್ತೆ ಕೆಮ್ಮು. ಬಾಯಿ ಒರೆಸಿಕೊಂಡ ಬಟ್ಟೆಯನ್ನು ನನಗೆ ಕಾಣದ ಹಾಗೆ ಮಡಚಿದ.

ಕಂಡೆ. ಕೆಂಪಗಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ಧಣಿ ಹಸ್ನುಲ್ ತಾನೇ ಬಂದಿದ್ದ. ಮುಖಕ್ಕೆ ಹೊಸ ಬಿಳಿ ಮಾಸ್ಕು. ಹಿಂದೆ ನಾಲ್ಕು ಜನ.

"ಸುರತ್ಮಿ ಅಕ್ಕಾವ್ರೇ, ಫೋನ್ ಕೊಡಿ. ಮನೆಯವರ ಹಾಗೆ ನಮ್ಮನಮ್ಮಲ್ಲೇ ಮುಗಿಸಿಕೊಳ್ಳೋಣ."

"ಕೊಡದಿದ್ರೆ?"

"ಫೋಟೊ ಹೊರಗೆ ಹೋದ್ರೆ ಪೊಲೀಸರು ನನ್ನನ್ನ ಹಿಡೀತಾರೆ ಅಂದ್ಕೊಂಡ್ರಾ? ತೋಟ ನನ್ನ ಹೆಸರಲ್ಲಿಲ್ಲ. ಲಾರಿ ನನ್ನ ಹೆಸರಲ್ಲಿಲ್ಲ. ಗೊನೆ ಮೇಲಿನ ನಂಬರ್ ನಾನೂ ನೋಡ್ದೆ, ಯಾರ್ದು? ನಿಮ್ಮ ತಮ್ಮಂದು. ಜೈಲಿಗೆ ಹೋಗೋನೂ ಅವನೇ."

ಸರಿಯಾಗಿಯೇ ಹೇಳಿದ.

"ಕೊಟ್ಟರೆ?"

"ಯಾರೂ ಅವನನ್ನ ಮುಟ್ಟಲ್ಲ. ನನ್ನ ಹತ್ರಾನೇ ಇರ್ತಾನೆ. ಇನ್ನೂ ನಾಲ್ಕು ತುಂಡು ಕಾಡು ಸುಡೋದಿದೆ. ಬೆಂಕಿ ಕೆಲಸದಲ್ಲಿ ಇವನಷ್ಟು ಚುರುಕು ಯಾರೂ ಇಲ್ಲ."

"ಕೊಟ್ಬಿಡು ಅಕ್ಕಾ," ಪೊನಿದಿ ನನ್ನ ಕೈ ಹಿಡಿದ. "ನಿನ್ನ ಕಾಲಿಗೆ ಬೀಳ್ತೀನಿ. ನನಗೆ ಜೈಲು ಬೇಡ."

ಅವನ ಕೈ ನೋಡಿದೆ. ಮೂಳೆ, ಮಸಿ. ನಾಲ್ಕು ತುಂಡು ಕಾಡು... ಒಂದನ್ನು ಸುಟ್ಟು ಮುಗಿಸುವಷ್ಟೂ ಉಸಿರು ಅವನಲ್ಲಿ ಉಳಿದಿರಲಿಲ್ಲ.

"ಹೊರಗೆ ಬನ್ನಿ, ಕೊಡ್ತೀನಿ," ಅಂದೆ. "ಒಳಗೆ ಒಲೆ ಹೊಗೆ."

ಗುಡಿಸಲಿನ ಮುಂದೆ ಒಂದು ಕಂಬ. ಅದಕ್ಕೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಕೂಲಿಯವರ ಫೋನುಗಳು. ಸಿಗ್ನಲ್ ಸಿಗುವ ಜಾಗ ಅಂದರೆ ಇಂಥ ಕಂಬವೊಂದೇ. ಅದಕ್ಕೆ ಒರಗಿ ನಿಂತೆ. ಎಡಗೈ ಚಾಚಿದೆ. ಹಸ್ನುಲ್ ಆ ಕೈ ನೋಡಿದ. ನಾನು ಬೆನ್ನ ಹಿಂದೆ ಫೋನ್ ಹಿಡಿದಿದ್ದ ಬಲಗೈಯ ಹೆಬ್ಬೆರಳು ಒತ್ತಿದೆ.

ಒಂದು... ಎರಡು... ಮೂರು. ಫೋಟೊಗಳು ಕಂಪನಿಗೆ ಹೋದವು.

ಆಮೇಲೆ ಫೋನ್ ಕೊಟ್ಟೆ.

ಪರದೆ ನೋಡಿ ಅವನ ಕಣ್ಣು ಕಿರಿದಾಯಿತು. "ಹುಚ್ಚಿ! ಒಡಹುಟ್ಟಿದವನನ್ನ ನೀನೇ ಒಳಗೆ ಹಾಕಿದ್ಯಲ್ಲೇ!"

"ಹೌದು. ಈಗ ನಮ್ಮಿಬ್ಬರಿಗೆ ಏನಾದ್ರೂ ಆದ್ರೆ ಅದು ಬೇರೆ ಕೇಸು. ನಾನು ಎಲ್ಲಿದ್ದೀನಿ ಅಂತ ಫೋಟೊದಲ್ಲೇ ಇದೆ. ಆ ಕೇಸಿಗೆ ಯಾರ ನಂಬರ್ ಹುಡುಕ್ತೀಯ, ಧಣಿ?"

ಹಸ್ನುಲ್ ಫೋನನ್ನು ಕಾಲುವೆಗೆ ಎಸೆದು ಹೊರಟುಹೋದ.

ಪೊನಿದಿ ನನ್ನ ಮುಖ ನೋಡಲಿಲ್ಲ. ಮರುದಿನ ಪೊಲೀಸರು ಬಂದಾಗಲೂ ನೋಡಲಿಲ್ಲ.

ಬಿಸ್ಕತ್ತು ಕಂಪನಿ ಧನ್ಯವಾದದ ಪತ್ರ ಕಳಿಸಿತು. ಹಸ್ನುಲ್ ತನ್ನ ಹಣ್ಣು ತೂಗಿ ಕೊಳ್ಳುವ ಅಂಗಳಕ್ಕೆ ಹೊಸ ಹೆಸರಿನ ಬೋರ್ಡು ಹಾಕಿಸಿದ. ನನ್ನ ತಮ್ಮನಿಗೆ ಎಂಟು ತಿಂಗಳು ಜೈಲಾಯಿತು.

ಪ್ರತಿ ವಾರ ಜೈಲಿಗೆ ಹೋದೆ. ಐದು ವಾರ ಅವನು ಹೊರಗೇ ಬರಲಿಲ್ಲ. ನಾನು ಬೆಂಚಿನ ಮೇಲೆ ಕೂತು ವಾಪಸು ಬರುತ್ತಿದ್ದೆ. ಅಳು ಬರಲಿಲ್ಲ. ಏನೂ ಬರಲಿಲ್ಲ.

ಆರನೆಯ ವಾರ ಬಂದ. ಜಾಲರಿಯ ಆಚೆ ಕೂತ. ಕೆನ್ನೆ ಸ್ವಲ್ಪ ತುಂಬಿತ್ತು.

"ಕೆಮ್ಮು?" ಅಂದೆ.

"ಕಮ್ಮಿ ಆಗಿದೆ." "ಇಲ್ಲಿನ ಡಾಕ್ಟರು ಎದೆ ಫೋಟೊ ತೆಗೆಸಿದ್ರು. ಆರು ತಿಂಗಳು ಹೊಗೆಯಿಂದ ದೂರ ಇದ್ರೆ ಬದುಕ್ತೀಯ ಅಂದ್ರು."

ತಲೆಯಾಡಿಸಿದೆ.

ಡಾಕ್ಟರು ಬರೆದದ್ದು ಆರು ತಿಂಗಳು. ಜಡ್ಜು ಇನ್ನೆರಡು ತಿಂಗಳು ಧಾರಾಳವಾಗಿಯೇ ಸೇರಿಸಿ ಬರೆದಿದ್ದರು.