ಎಡಕ್ಕೆ ತಿರುಗುವ ಜನ

೧೯೫೬ರ ಆಗಸ್ಟಿನಲ್ಲಿ ಹೇಮಪ್ಪ ಗದಗಿನ ಸಣ್ಣ ವಸ್ತುಸಂಗ್ರಹಾಲಯಕ್ಕೆ ಸ್ಟಾಪ್‌ವಾಚ್ ಹಿಡಿದು ಬಂದ. ಯಾರು ಯಾವ ಕಲ್ಲಿನ ಮುಂದೆ ಎಷ್ಟು ಸೆಕೆಂಡು ನಿಲ್ಲುತ್ತಾರೆಂದು ಆರು ವಾರ ಬರೆದು ಪುಣೆಯ ಮುಖ್ಯ ಕಚೇರಿಗೆ ವರದಿ ಕಳಿಸಬೇಕು. ಜನ ನೋಡದಿದ್ದರೆ ಕಲ್ಲುಗಳು ಪುಣೆಗೆ, ಕೋಣೆಗೆ ಬೀಗ.

ಬಾಗಿಲು ಕಾಯುತ್ತಿದ್ದವಳು ಡೋಣಿ ಊರಿನ ಸಾವಂತ್ರೆವ್ವ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು.

“ಸಾಹೇಬ್ರ, ಆ ಗಡಿಯಾರದ ಮುಂದ ನೀವ ತಾಸಗಟ್ಟಲೆ ನಿಂತೀರಿ. ನಿಮ್ಮನ್ನ ಯಾರು ಬರಕೋಬೇಕ್ರಿ?”

ಅವನು ತಲೆಯೆತ್ತಿದ. ಸೆರಗು ನಗುವನ್ನು ಮುಚ್ಚಿತ್ತು, ಕಣ್ಣನ್ನಲ್ಲ. ಆ ಗಳಿಗೆಯಲ್ಲಿ ಒಬ್ಬ ಸಂದರ್ಶಕನ ಲೆಕ್ಕ ತಪ್ಪಿತು. ಅಂದಾಜು ಬರೆಯದೆ ಜಾಗ ಖಾಲಿ ಬಿಟ್ಟ.

ಆರು ವಾರಕ್ಕೆ ೧,೨೧೪ ಜನ. ಒಂದನೆಯ ಕಲ್ಲಾದ ಸೊರಟೂರಿನ ಶಾಸನದ ಮುಂದೆ ಸರಾಸರಿ ನಾಲ್ಕೇ ಸೆಕೆಂಡು. ವರದಿಯನ್ನು ಮೊದಲು ಅವಳಿಗೇ ಓದಿ ಹೇಳಿದ. ಕೆಲಸ ಹೋಗುವುದು ಅವಳದು.

“ಅಂಕಿ ಖರೆ ಅದಾವ್ರಿ,” ಎಂದಳು. “ಆದ್ರ ಜನ ಒಳಗ ಬಂದು ಯಾವ ಕಡೆ ತಿರಗತಾರ, ಬರದೀರೇನು?”

ಬರೆದಿರಲಿಲ್ಲ. ಅವನು ಕಲ್ಲುಗಳಿಗೆ ಕೊಟ್ಟ ಸಂಖ್ಯೆಗಳು ಬಾಗಿಲ ಬಲದಿಂದ ಶುರುವಾಗುತ್ತಿದ್ದವು.

“ನಡುವ ಸೂರ್ಯದೇವ್ರು ಅದಾನಲ್ರಿ. ಗುಡ್ಯಾಗಿನಂಗ ದೇವ್ರನ್ನ ಬಲಕ್ಕ ಇಟಗೊಂಡು ಎಡಕ್ಕ ತಿರಗತಾರ. ನಿಮ್ಮ ಒಂದನೇ ಕಲ್ಲು ಅವರಿಗೆ ಕಡೀದು. ಅಷ್ಟೊತ್ತಿಗೆ ಚಪ್ಪಲಿ ಹುಡಕಾಕತ್ತಿರತಾರ.”

“ಮೊದಲ ಯಾಕ ಹೇಳಲಿಲ್ಲ?”

“ಕೇಳಿದ್ರೇನು ನೀವು?”

ಹೇಮಪ್ಪ ವರದಿ ಹರಿದ. ಎರಡು ವಾರ ಹೆಚ್ಚು ಕೇಳಿ ಪತ್ರ ಬರೆದ. ತನ್ನ ತಪ್ಪೆಂದೇ ಬರೆದ. ಹಮಾಲರನ್ನು ಕರೆಸಿ ಶಾಸನವನ್ನು ಬಾಗಿಲ ಎಡಕ್ಕೆ ಇಡಿಸಿದ. ಕಳಸಾಪುರದ ರೈತರು ಅಕ್ಷರಗಳ ಮೇಲೆ ಬೆರಳಾಡಿಸುತ್ತ ನಿಂತರು. ಸರಾಸರಿ ಮೂವತ್ತೆಂಟು ಸೆಕೆಂಡು.

ಅಕ್ಟೋಬರ್ ಕೊನೆಗೆ ಹೊಸ ವರದಿಗೆ ಪುಣೆಯಿಂದ ಉತ್ತರ ಬಂತು. ಕೋಣೆ ಉಳಿಯಿತು. ನವೆಂಬರ್ ಒಂದರಿಂದ ಗದಗು ಹೊಸ ಕನ್ನಡ ರಾಜ್ಯಕ್ಕೆ. ಹೇಮಪ್ಪನಿಗೆ ಪುಣೆಯಲ್ಲಿ ಬಡ್ತಿ, ಬೇಡವೆಂದರೆ ಇಲ್ಲೇ ಕೆಳಗಿನ ಹುದ್ದೆ.

ಪತ್ರವನ್ನು ಅವಳ ಕೈಗಿತ್ತ. ಅವಳು ಎರಡು ಸಲ ಓದಿ ಮಡಚಿದಳು. ಈ ಸಲ ನಗಲಿಲ್ಲ.

“ಬಡ್ತಿ ಛಲೋ ಐತ್ರಿ. ಹೋಗ್ರಿ.”

“ಈಗ ಕೇಳಾಕತ್ತೀನಿ, ಸಾವಂತ್ರೆವ್ವ. ನಾ ಇಲ್ಲೇ ಉಳದ್ರ, ನನ್ನ ಜೋಡಿ ಬಾಳೇವು ಮಾಡ್ತೀಯೇನು?”

ಅವಳು ಬಹಳ ಹೊತ್ತು ಹೊಸ್ತಿಲು ನೋಡಿದಳು. ಅವನು ಗಡಿಯಾರ ಮುಟ್ಟಲಿಲ್ಲ.

“ನನ್ನಷ್ಟಕ್ಕ ನಾ ಹೂಂ ಅಂದೀನ್ರಿ,” ಎಂದಳು ಮೆಲ್ಲಗೆ. “ಅಪ್ಪನ್ನ ನೀವ ಕೇಳಬೇಕು. ಡೋಣಿಗೆ ದಿನಕ್ಕ ಒಂದ ಬಸ್ಸು, ಮುಂಜಾನೆ ಏಳಕ್ಕ. ತಪ್ಪಿಸ್ಕೋಬ್ಯಾಡ್ರಿ.”