ಕೋಲೆಬಸವನ ಸಾಕ್ಷಿ

ಒಂಬತ್ತು ವರ್ಷ ಕಟ್ಟಡ ಕಾದ ಉದಯಕುಮಾರನಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಜೊತೆಗೊಂದು ಮಾತು: "ಇನ್ಮೇಲೆ ನೀವು ಪಾರ್ಕಿಂಗ್ ನೋಡ್ಕೊಳ್ಳಿ, ಆರಾಮಾಗಿರುತ್ತೆ." ಹೇಳಿದವರು ನಿವಾಸಿಗಳ ಸಂಘದ ಅಧ್ಯಕ್ಷ ಏಕಾಂತಯ್ಯನವರು. ಆರಾಮವಂತೆ, ಆರಾಮ! ನಾಯಂಡಹಳ್ಳಿಯ ಆ ನಲವತ್ತೆಂಟು ಮಹಡಿಯ ಗೋಪುರದ ಪಂಪು, ಲಿಫ್ಟು, ಜನರೇಟರು ಎಲ್ಲಾ ಅವನ ಕೈಯಲ್ಲಿ ಪಳಗಿದವು. ಅವನ್ನೆಲ್ಲ ಮೇಧಾ ಅನ್ನೋ ಇಪ್ಪತ್ತೇಳರ ಇಂಜಿನಿಯರಮ್ಮನಿಗೆ ಒಪ್ಪಿಸಿ, ಇವನು ನೆಲಮಾಳಿಗೆಯಲ್ಲಿ ಪೀಪಿ ಊದುತ್ತಾ "ಬನ್ನಿ ಸಾರ್, ಬನ್ನಿ, ಇನ್ನೂ ಸ್ವಲ್ಪ ಹಿಂದೆ" ಅನ್ನಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ? ಧಗಧಗ ಉರಿಯಿತು.

ಯಂತ್ರಗಳೆಂದರೆ ಅವನಿಗೆ ದೇವರು. ಜೇಬಿನ ಡಬ್ಬಿಯ ವಿಭೂತಿಯಲ್ಲಿ ಬೆರಳದ್ದಿ, ಕಣ್ಣು ಮುಚ್ಚಿ ಯಂತ್ರದ ಮೇಲೆ ಮೂರು ಪಟ್ಟೆ ಎಳೆದು "ಶಿವಾಯ ನಮಃ" ಅನ್ನದೆ ಯಾವುದನ್ನೂ ಮುಟ್ಟಿದವನಲ್ಲ. ಲೆಕ್ಕಕ್ಕೆ ಮೂರು, ಕಾಣೋದು ಎರಡೂವರೆ. ಹಿಂದೊಮ್ಮೆ ಪಂಪಿನ ಬೆಲ್ಟು ನಡುಬೆರಳಿನ ತುದಿ ತಿಂದು ಹಾಕಿತ್ತು. ಅವತ್ತಿನಿಂದ ನಡುವಿನ ಗೆರೆ ಅರ್ಧಂಬರ್ಧ. "ಏನ್ರೀ, ಶಿವನ ಹತ್ರಾನೂ ಜಿಪುಣತನ ಮಾಡ್ತೀರಲ್ಲ" ಎಂದು ಹೆಂಡತಿ ಗಿರಿಜಾದೇವಿ ಅವನ ಹಣೆ ನೋಡಿ ದಿನಾ ಆಡಿಕೊಳ್ಳುತ್ತಿದ್ದಳು.

ಅವನ ಸೇಡಿನ ದಾರಿ ಇದ್ದದ್ದು ಗೋಪುರದ ನೆತ್ತಿಯ ಕೋಣೆಯಲ್ಲಿ. ಅಲ್ಲಿ ಉಕ್ಕಿನ ಹಗ್ಗಗಳಿಗೆ ಇನ್ನೂರು ಟನ್ನಿನ ಕಬ್ಬಿಣದ ದಿಮ್ಮಿ ತೂಗುತ್ತಿತ್ತು. ಗಾಳಿಗೆ ಕಟ್ಟಡ ಈ ಕಡೆ ವಾಲಿದರೆ ದಿಮ್ಮಿ ಆ ಕಡೆ ಎಳೆಯುತ್ತದೆ. ಸುತ್ತಲಿನ ಎಣ್ಣೆ ತುಂಬಿದ ಡ್ಯಾಂಪರುಗಳು, ಸ್ಕೂಟರಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ, ಅಲುಗಾಟವನ್ನು ನುಂಗಿಕೊಳ್ಳುತ್ತವೆ. ಮೇಲಿನ ಮಹಡಿಯವರ ಲೋಟದ ನೀರೂ ತುಳುಕುವುದಿಲ್ಲ. ತಲೆಯಾಡಿಸುತ್ತಲೇ ಇರುವ ಆ ದಿಮ್ಮಿಗೆ ಕೆಲಸದವರು ಇಟ್ಟ ಹೆಸರು ಕೋಲೆಬಸವ. "ಈ ಸಲ ಸಂಬಳ ಜಾಸ್ತಿ ಮಾಡ್ತಾರಾ ಬಸವಣ್ಣ?" ಅಂತ ಕೇಳಿ, ಅದು ತಲೆಯಾಡಿಸಿದ್ದಕ್ಕೆ ಖುಷಿಪಡುತ್ತಿದ್ದರು, ಪಾಪ.

ರಿಪೇರಿ ಹೊತ್ತಲ್ಲಿ ಬಸವನನ್ನು ಕಟ್ಟಿಹಾಕಲು ಒಂದು ಅಡ್ಡಕಂಬಿ ಇತ್ತು. ಹಳೆಯದು ತುಕ್ಕು ಹಿಡಿದಿದೆಯೆಂದು ಮೇಧಾ ಆ ವಾರವಷ್ಟೇ ಕೆಂಪು ಬಣ್ಣ ಬಳಿದ ಹೊಸದನ್ನು ತರಿಸಿದ್ದಳು. ಶನಿವಾರ ಅದನ್ನು ಹಾಕಿ ಸರ್ವೀಸು ಮಾಡಿಸಿ, ತೆಗೆದಿಟ್ಟು ಹೋದಳು. ಭಾನುವಾರ ಸಂಜೆ ನಾಲ್ಕಕ್ಕೆ ನಲವತ್ತೈದನೇ ಮಹಡಿಯ ಹಾಲಿನಲ್ಲಿ ಸಂಘದ ಸಭೆ. ಮೇಧಾಳ ನೌಕರಿ ಕಾಯಂ ಆಗುವ ಸಭೆ. ಹೊರಗೆ ಆಷಾಢದ ಗಾಳಿ. ಅಷ್ಟರೊಳಗೆ ಯಾರೋ ಕಂಬಿಯನ್ನು ಮತ್ತೆ ತುರುಕಿಬಿಟ್ಟರೆ? ಕಟ್ಟಡವೇನೂ ಬೀಳದು, ಅಷ್ಟು ಪಾಪಿಯಲ್ಲ ಅವನು. ದೊಡ್ಡವರ ಹೊಟ್ಟೆ ಒಂದಿಷ್ಟು ತೊಳಸುತ್ತದೆ. ಹುಡುಗಿ ಕಂಬಿ ತೆಗೆಯೋದು ಮರೆತಳು ಅಂತಾಗುತ್ತದೆ. ಉದಯಕುಮಾರ ಹೋಗಿ ಬಿಚ್ಚುತ್ತಾನೆ, ಕೀಲಿಗೊಂಚಲು ವಾಪಸ್ಸು ಬರುತ್ತದೆ.

ಲಿಫ್ಟಿನಲ್ಲಿ ಕ್ಯಾಮೆರಾ ಇತ್ತು, ಮೆಟ್ಟಿಲಲ್ಲಿ ಇರಲಿಲ್ಲ. ಹಾಕಿಸಿ ಅಂತ ಮೂರು ಸಲ ಪತ್ರ ಬರೆದವನು ಅವನೇ. ಸಂಘ ಕ್ಯಾರೇ ಅಂದಿರಲಿಲ್ಲ. ಈಗ ಸಂಘಕ್ಕೊಂದು ನಮಸ್ಕಾರ ಹಾಕಿ, ಭಾನುವಾರ ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತ ಹೊತ್ತಿಗೆ ಅಷ್ಟೂ ಮಹಡಿ ಹತ್ತಿದ. ಅರ್ಧ ದಾರಿಯಲ್ಲಿ ಮಂಡಿ ಕೈಕೊಟ್ಟಿತು, ಮೇಲೆ ಮುಟ್ಟಿದಾಗ ಉಸಿರು ಬಾಯಿಗೆ ಬಂದಿತ್ತು. ಗುಟ್ಟಾಗಿ ಇಟ್ಟುಕೊಂಡಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದ. ಗವಸು ಹಾಕಿದ, ಕಂಬಿ ತುರುಕಿದ, ನೆಲದ ಹೆಜ್ಜೆ ಗುರುತನ್ನು ಕರ್ಚೀಫಿನಿಂದ ಒರೆಸಿದ. ಒಂದು ಕೂದಲೂ ಬಿಟ್ಟಿಲ್ಲ ಅಂತ ಇಳಿಯುವಾಗ ತನ್ನ ಬೆನ್ನು ತಾನೇ ತಟ್ಟಿಕೊಂಡ.

ನಾಲ್ಕೂಕಾಲಿಗೆ ಗಾಳಿ ಬೀಸಿತು ನೋಡಿ! ಹಾಲಿನ ತೂಗುದೀಪ ಜೋಕಾಲಿಯಾಯಿತು. ಕಾಫಿ ಸಾಸರಿಗೆ ಇಳಿಯಿತು. ಏಕಾಂತಯ್ಯನವರು ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕಂಬ ಹಿಡಿದು, "ಯಾರೂ ಗಾಬರಿಯಾಗ್ಬೇಡಿ" ಎಂದು ಎಲ್ಲರಿಗಿಂತ ಜೋರಾಗಿ ಗಾಬರಿಯಾದರು.

ಉದಯಕುಮಾರ ಹಿಂದಿನ ಸಾಲಿನಿಂದ ನಿಧಾನಕ್ಕೆ ಎದ್ದ. "ಸಾರ್, ಒಂದು ತಿಂಗಳಿಂದ ನಾನು ಮೇಲಿನ ಕೋಣೆಗೆ ಕಾಲಿಟ್ಟಿಲ್ಲ. ಹೊಸ ಕಂಬಿ ಬಂದಿದೆ ಅಂತ ಕೇಳಿದೀನಿ, ಕಣ್ಣಲ್ಲಿ ನೋಡಿಲ್ಲ. ಆದ್ರೆ ಇದು ಕಂಬಿ ತೆಗೀದೆ ಬಂದಿರೋ ಕೆಲಸ, ಬೇಕಾದ್ರೆ ಬರೆದುಕೊಡ್ತೀನಿ."

"ಇಲ್ಲ ಸಾರ್, ನಿನ್ನೆ ನಾನೇ ನಿಂತು ತೆಗೆಸಿದೀನಿ." ಮೇಧಾ ಎದ್ದು ನಿಂತಳು.

"ಇರ್ಲಿ ಬಿಡಮ್ಮ, ಚಿಕ್ಕ ವಯಸ್ಸು, ಮರೆವು ಸಹಜ," ಎಂದ ಮಹಾನುಭಾವ.

"ಮೊದ್ಲು ಇದನ್ನ ನಿಲ್ಸಿ ಮಾರಾಯ್ರೇ," ಅಂದರು ಏಕಾಂತಯ್ಯನವರು. "ಕೀಲಿಗೊಂಚಲು ನಿಮ್ದೇ."

ಹತ್ತು ಹನ್ನೆರಡು ಮಂದಿ ಗೋಡೆ ಹಿಡಿದುಕೊಂಡು ಅವನ ಹಿಂದೆ ಹತ್ತಿದರು. ಮೇಧಾ ಬಾಗಿಲು ತೆಗೆದಳು. ಕೋಲೆಬಸವ ಕಟ್ಟಿಹಾಕಿಸಿಕೊಂಡು ಸುಮ್ಮನೆ ನಿಂತಿತ್ತು, ಕೆಂಪು ಕಂಬಿ ಇದ್ದಲ್ಲೇ ಇತ್ತು. "ನೋಡಿದ್ರಾ?" ಎಂದು ಉದಯಕುಮಾರ ಜನರ ಕಡೆ ತಿರುಗಿ ತೋಳು ಮಡಚಿಕೊಂಡ. ಒಂಬತ್ತು ವರ್ಷದಲ್ಲಿ ಇಷ್ಟು ಜನ ಅವನ ಕೆಲಸ ನೋಡಲು ಬಂದದ್ದು ಇದೇ ಮೊದಲು, ಕಣ್ಣು ಒದ್ದೆಯಾಯಿತು. ಕಂಬಿಯ ಮುಂದೆ ನಿಂತು ಜೇಬಿಗೆ ಕೈ ಹಾಕಿದ, ಕಣ್ಣು ಮುಚ್ಚಿ, ಪಟ್ಟೆ ಎಳೆದು, "ಶಿವಾಯ ನಮಃ" ಅಂದ.

ಕಣ್ಣು ಬಿಟ್ಟು ತಿರುಗಿದ. ಏಕಾಂತಯ್ಯನವರು ಕಂಬಿಯನ್ನೇ ನೋಡುತ್ತಿದ್ದರು, ಆಮೇಲೆ ಅವನ ಹಣೆಯನ್ನು, ಆಮೇಲೆ ಮತ್ತೆ ಕಂಬಿಯನ್ನು. ಹೊಸ ಕೆಂಪು ಬಣ್ಣದ ಮೇಲೆ ಅವನು ಈಗಷ್ಟೇ ಎಳೆದ ಎರಡೂವರೆ ಪಟ್ಟೆ. ಅದರ ಪಕ್ಕದಲ್ಲೇ, ಒಂದು ಗೇಣು ಆಚೆಗೆ, ಇನ್ನೊಂದು ಎರಡೂವರೆ ಪಟ್ಟೆ. ಮಧ್ಯಾಹ್ನ ಗವಸು ಹಾಕುವ ಮುಂಚೆ ಕೈ ತನ್ನ ಪಾಡಿಗೆ ತಾನು ಪೂಜೆ ಮುಗಿಸಿತ್ತು, ಯಜಮಾನನಿಗೆ ಒಂದು ಮಾತೂ ಹೇಳದೆ. ಮೇಧಾ ಮುಂದೆ ಬಂದು ಕಂಬಿ ಎಳೆದಳು. "ಏನಪ್ಪಾ ಬಸವಣ್ಣ, ಇವ್ರೇನಾ?" ಎಂದರು ಏಕಾಂತಯ್ಯನವರು, ಮತ್ತು ಇನ್ನೂರು ಟನ್ನಿನ ಕೋಲೆಬಸವ ಎಲ್ಲರ ಎದುರಿಗೆ ನಿಧಾನಕ್ಕೆ ತಲೆಯಾಡಿಸಿತು.